ನಾಲ್ಕನೇ ಗೇರಿನ ಹೊಗೆ ಪರೀಕ್ಷೆ

ಇತ್ತೀಚೆಗೆ ನನಗೊಂದು ಚಟ ಅಂಟಿಕೊಂಡಿದೆ. ರಸ್ತೆಯಲ್ಲಿ ಯಾವ ಗಾಡಿ ಹೋದರೂ ಅದರ ಹಿಂಭಾಗ ನೋಡುತ್ತೇನೆ. ಉಳಿದವರು ಗಾಡಿಯ ಮುಖ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಒಳಗೆ ಯಾರು ಕೂತಿದ್ದಾರೆಂದು ಇಣುಕುತ್ತಾರೆ. ನಾನು ಮಾತ್ರ ಅದು ನನ್ನನ್ನು ದಾಟಿ ಹೋಗುವ ತನಕ ಕಾದಿದ್ದು ಸೈಲೆನ್ಸರಿನ ಬಾಯಿಯ ಮೇಲೆ ಕಣ್ಣಿಡುತ್ತೇನೆ. ಹೊಗೆ ಕಪ್ಪಗಿದ್ದರೆ ಒಂದು ಅರ್ಥ, ಬೆಳ್ಳಗಿದ್ದರೆ ಇನ್ನೊಂದು, ನೀಲಿ ಛಾಯೆ ಇದ್ದರಂತೂ ನನ್ನ ಕರುಳು ಚುರುಕ್ ಎನ್ನುತ್ತದೆ. ಐವತ್ತಮೂರು ವಯಸ್ಸಿನ, ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಟ್ಟ ಹೆಂಗಸು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳುತ್ತಾರೆ.

ಮೊನ್ನೆ ಆಳಂದದ ಬಸ್‌ಸ್ಟ್ಯಾಂಡ್ ಎದುರು ನಾವಿಬ್ಬರೂ ಬಾಳೆಹಣ್ಣು ಕೊಳ್ಳುತ್ತಿದ್ದೆವು. ಪಕ್ಕದಲ್ಲಿ ಒಬ್ಬರು ಜೀಪು ಚಾಲೂ ಮಾಡಿದರು. ನೀಲಿ ಹೊಗೆ ಬಂತು. ನನಗೆ ಸುಮ್ಮನಿರಲಾಗಲಿಲ್ಲ. ಕಿಟಕಿಯ ಹತ್ತಿರ ಹೋಗಿ, "ಕಾಕಾ, ನಿಮ್ಮ ಗಾಡಿ ಆಯಿಲ್ ಕುಡಿಯಾಕತ್ತದ ನೋಡ್ರಿ," ಎಂದೆ. ಆ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಜು ಏರಿಸಿಕೊಂಡು ಹೊರಟುಹೋದರು. ನಮ್ಮವರು ನನ್ನ ಚೀಲ ಹಿಡಿದು ಎಳೆದರು. "ಪರಮಂದಿ ಗಾಡಿ ಹಿಂದ ಏನ್ ನೋಡ್ತಿ. ನಡಿ ಮನಿಗೆ," ಎಂದರು.

ನಿಜ ಹೇಳಬೇಕೆಂದರೆ ಹೊಗೆಯ ನಂಟು ನನಗೆ ಇಂದು ನಿನ್ನೆಯದಲ್ಲ. ನಮ್ಮ ತವರು ಅಫಜಲಪುರ ತಾಲೂಕಿನಲ್ಲಿ, ಹವಳಗಾ ದಾಟಿ ಹೋದರೆ ಸಿಗುವ ಒಂದು ಸಣ್ಣ ಊರು. ಈಗ ಆ ರಸ್ತೆಯ ತುಂಬ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ನಾನು ಸಣ್ಣವಳಿದ್ದಾಗ ಅಲ್ಲಿಗೆ ಬರುತ್ತಿದ್ದುದು ದಿನಕ್ಕೆ ಎರಡು ಸಲ ಒಂದು ಬಸ್ಸು. ಚಾವಡಿಯ ಮುಂದಿನ ಬೇವಿನ ಮರ ಸುತ್ತು ಹಾಕಿ ಅದು ತಿರುಗುವ ಹೊತ್ತಿಗೆ ನಾನೂ ನಮ್ಮ ನೀಲಕ್ಕನೂ ಓಡಿ ಹೋಗಿ ಅದರ ಹಿಂದೆ ನಿಲ್ಲುತ್ತಿದ್ದೆವು. ಹತ್ತುವುದಕ್ಕಲ್ಲ. ಹೊಗೆ ಮೂಸುವುದಕ್ಕೆ.

ನೀಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಮ್ಮವ್ವನಿಗೆ ನಾವಿಬ್ಬರೇ ಮಕ್ಕಳು. ಅವಳು ಹೇಳಿದ್ದೇ ನನಗೆ ವೇದ. "ಜೋರಾಗಿ ಮೂಸು. ಇದು ಕಲಬುರಗಿ ವಾಸನಿ," ಎಂದು ಅವಳು ಹೇಳಿದರೆ ನಾನು ಎದೆ ತುಂಬ ಕಲಬುರಗಿಯನ್ನು ಎಳೆದುಕೊಳ್ಳುತ್ತಿದ್ದೆ. ಮನೆಗೆ ಬಂದ ಕೂಡಲೇ ಅವ್ವ ನಮ್ಮ ತಲೆ ಮೂಸಿ ನೋಡಿ, ಕಿವಿ ಹಿಂಡಿ, ಸೀಗೆಕಾಯಿ ಹಾಕಿ ತಿಕ್ಕುತ್ತಿದ್ದಳು. ಮರುದಿನ ಮತ್ತೆ ಬಸ್ಸಿನ ಹಿಂದೆ ನಾವು. ಮುಂದೆ ನೀಲಕ್ಕನನ್ನು ಜೇವರ್ಗಿಗೆ ಕೊಟ್ಟರು. ಅವಳು ಅದೇ ಬಸ್ಸು ಹತ್ತಿ ಹೋದ ದಿನ ನಾನು ಒಬ್ಬಳೇ ಹಿಂದೆ ನಿಂತಿದ್ದೆ. ಕಣ್ಣಲ್ಲಿ ನೀರು ಹರಿಯಿತು. ಅಕ್ಕನ ಮೇಲೆ ಎಷ್ಟು ಜೀವ ನೋಡು ಎಂದು ಊರ ಹೆಂಗಸರೆಲ್ಲ ಲೊಚಗುಟ್ಟಿದರು. ಅರ್ಧ ನೀರು ಹೊಗೆಯದು. ಉಳಿದರ್ಧ ಮಾತ್ರ ಅಕ್ಕನದು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮದು ಬಿಳಿ ಬಣ್ಣದ ಸಣ್ಣ ಕಾರು, ಪೆಟ್ರೋಲಿನದು. ಕಡಗಂಚಿಯ ಯುನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ಒಬ್ಬರು ಬೇರೆ ಊರಲ್ಲಿ ಕೆಲಸ ಸಿಕ್ಕು ಹೊರಟಾಗ ನಾವು ಅವರಿಂದ ಕೊಂಡದ್ದು. ಆಗ ಅದಕ್ಕೆ ನಾಲ್ಕು ವರ್ಷ, ನನಗೆ ನಲವತ್ತೆರಡು. ನಮ್ಮ ಮನೆಯವರು ತಾಲೂಕು ಆಫೀಸಿನಲ್ಲಿ ಗುಮಾಸ್ತರು. ಫೈಲು ಎಷ್ಟೇ ದೊಡ್ಡದಿರಲಿ ಹೆದರುವುದಿಲ್ಲ, ಸ್ಟೇರಿಂಗ್ ಕಂಡರೆ ಮಾತ್ರ ಬೆವರುತ್ತಾರೆ. ನಾಲ್ಕು ದಿನ ಕಲಿತು, ಐದನೆಯ ದಿನ ಒಂದು ಎಮ್ಮೆಯ ಎದುರು ಗಾಡಿ ನಿಲ್ಲಿಸಿ, ಇಳಿದು, ಮನೆಗೆ ನಡೆದುಕೊಂಡು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎಮ್ಮೆಯೂ ಗಾಡಿಯೂ ಒಬ್ಬರನ್ನೊಬ್ಬರು ನೋಡುತ್ತ ಅಲ್ಲೇ ನಿಂತಿದ್ದವಂತೆ. ಕಾರು ಒಂದು ತಿಂಗಳು ಅಂಗಳದಲ್ಲಿ ಕೂತಿತು. ಅಷ್ಟರಲ್ಲಿ ನೀಲಕ್ಕನ ಫೋನು ಬಂತು.

"ಗಂಡಸರು ಕಲತು ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಯಾರ ಹೇಳು. ನೀನ ಕಲಿ ಬೇ," ಎಂದಳು.

ತೊಗರಿ ಕೊಯ್ದು ಖಾಲಿಯಾದ ಹೊಲದಲ್ಲಿ ಕಲಿತೆ. ಕಲಿತೆ ಎಂದರೆ, ನನ್ನದೊಂದು ರೀತಿಯಲ್ಲಿ ಕಲಿತೆ. ಮೂರನೇ ಗೇರಿನವರೆಗೆ ನನಗೂ ಕಾರಿಗೂ ಹೊಂದಾಣಿಕೆ ಇತ್ತು. ನಾಲ್ಕನೆಯದು ಇದೆ ಎಂದು ಗೊತ್ತಿತ್ತು, ಆದರೆ ಅದು ನಮ್ಮಂಥವರಿಗಲ್ಲ ಎಂದುಕೊಂಡಿದ್ದೆ. ಸ್ಪೀಡಿನ ಮುಳ್ಳು ನಲವತ್ತು ದಾಟಿದರೆ ಪಕ್ಕದಲ್ಲಿ ಕೂತ ನಮ್ಮವರ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ನಾನು ಕೆಲಸ ಮಾಡುವ ಹಳ್ಳಿಯ ಶಾಲೆ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು. ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಹೇಳಲು ಸೈಕಲ್ಲಿನವರು ನನ್ನ ಪಕ್ಕದಲ್ಲೇ ಬಂದು ಹೇಳಿ ಮುಂದೆ ಹೋದದ್ದುಂಟು. ಟೀಚರ ಕಾರು ದೂರದಲ್ಲಿ ಕಂಡಿತೆಂದರೆ ಒಂದು ಪದ್ಯ ಬಾಯಿಪಾಠ ಮಾಡುವಷ್ಟು ಟೈಮ್ ಅದ ಎಂದು ನಮ್ಮ ಶಾಲೆಯ ಮಕ್ಕಳು ಹೇಳುತ್ತಿದ್ದರಂತೆ. ಹೇಳಲಿ. ಪದ್ಯವನ್ನಾದರೂ ಕಲಿತರಲ್ಲ.

ಮೂರು ವರ್ಷದ ಹಿಂದೆ ನೀಲಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ಮಾತ್ರ ಒಂದು ವಾರದಲ್ಲಿ ವಾಪಸು ಬಂತು. ಅವಳ ನಾಲಿಗೆಯನ್ನು ಯಮನೂ ಬಹಳ ದಿನ ಇಟ್ಟುಕೊಳ್ಳಲಾರ. ಆಸ್ಪತ್ರೆಯಿಂದ ಬಂದ ಮೇಲೆ ಒಂಬತ್ತು ತಿಂಗಳು ಅವಳು ಹೊಸ್ತಿಲು ದಾಟಲಿಲ್ಲ. ಮಗ ಶಿವು ಒಳ್ಳೆಯವನು, ಜೇವರ್ಗಿಯ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ದೊಡ್ಡ ಗಾಡಿಯೂ ಇದೆ. ಆದರೆ ಈಗಿನ ಗಾಡಿಗಳೆಲ್ಲ ಎತ್ತರ. ಅಕ್ಕನನ್ನು ಕೂರಿಸಬೇಕೆಂದರೆ ಇಬ್ಬರು ಹಿಡಿದು ಎತ್ತಬೇಕು. ಮೊದಲ ಸಲ ಎತ್ತಲು ಹೋದಾಗಲೇ ಅವಳು ಕೈ ಕೊಡವಿದಳು. "ನನ್ನ ತೊಗರಿ ಚೀಲದಂಗ ಎತ್ತಬ್ಯಾಡ್ರಿ. ಎತ್ತೋದಾದ್ರ ಹೋದ ಮ್ಯಾಲ ಎತ್ತರಿ," ಎಂದು ಗಾಲಿಕುರ್ಚಿ ತಿರುಗಿಸಿಕೊಂಡು ಒಳಗೆ ಹೋಗಿ ಮಲಗಿದಳು. ಆಮೇಲೆ ಯಾರು ಕರೆದರೂ ಬರಲಿಲ್ಲ.

ಒಂದು ಭಾನುವಾರ ನಾನು ನನ್ನ ಕಾರು ತೆಗೆದುಕೊಂಡು ಹೋಗಿ ಅವಳ ಮನೆಯ ಮುಂದಿನ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದೆ. ಬಾಗಿಲು ತೆರೆದೆ. ಅಕ್ಕ ಗಾಲಿಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅದನ್ನು ನೋಡಿದಳು. ನಮ್ಮ ಕಾರಿನ ಸೀಟು ಗಿಡ್ಡ. ಅವಳ ಕುರ್ಚಿಯೂ ಅದೂ ಸರಿಸಮ. ಎಡಗೈಯಿಂದ ಬಾಗಿಲ ಮೇಲಿನ ಹಿಡಿಕೆ ಹಿಡಿದಳು, ಮೈ ತಿರುಗಿಸಿದಳು, ಸೀಟಿನ ಮೇಲೆ ಕೂತಳು, ಸತ್ತ ಬಲಗಾಲನ್ನು ಸೀರೆಯ ಸಮೇತ ಎಡಗೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಯಾರೂ ಮುಟ್ಟಲಿಲ್ಲ. ಬೆವರು ಒರೆಸಿಕೊಂಡು, "ಎಲ್ಲಿಗೆ ಹೋಗಮು," ಎಂದಳು. ಅಂದಿನಿಂದ ವಾರ ಬಿಟ್ಟು ವಾರ ಭಾನುವಾರ ನಾನು ಆಳಂದದಿಂದ ಜೇವರ್ಗಿಗೆ ಹೋಗುವುದು, ಅವಳನ್ನು ಕೂರಿಸಿಕೊಂಡು ತಿರುಗುವುದು. ದೊಡ್ಡ ಊರೇನೂ ಅಲ್ಲ. ಭೀಮಾ ನದಿಯ ಬ್ರಿಜ್ ತನಕ ಹೋಗುತ್ತೇವೆ, ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಕಾರಿನಲ್ಲೇ ತಿನ್ನುತ್ತೇವೆ, ಯಾರ ಹೊಲದಲ್ಲಿ ತೊಗರಿ ಹೂ ಕಚ್ಚಿದೆ, ಯಾರದು ಉದುರಿದೆ ಎಂದು ಅವಳು ತೀರ್ಪು ಕೊಡುತ್ತಾಳೆ. ಅಷ್ಟೇ.

ಈ ವರ್ಷ ಕಾರಿಗೆ ಹದಿನೈದು ತುಂಬಿತು. ಹದಿನೈದು ತುಂಬಿದರೆ ಗಾಡಿಯ ರಿಜಿಸ್ಟ್ರೇಷನ್ ಮುಗಿಯುತ್ತದೆ, ಆರ್.ಟಿ.ಓ. ಆಫೀಸಿನವರು ನೋಡಿ ಒಪ್ಪಿದರೆ ಇನ್ನೈದು ವರ್ಷ, ಒಪ್ಪದಿದ್ದರೆ ಗುಜರಿ. ನೋಡಲು ಒಯ್ಯುವ ಮೊದಲು ಹೊಗೆ ಪರೀಕ್ಷೆಯ ಸರ್ಟಿಫಿಕೇಟು ಬೇಕು. ಕಲಬುರಗಿಯಲ್ಲಿ ತೋರಿಸಬೇಕಾದ ಗುರುವಾರಕ್ಕೆ ಇನ್ನು ಹತ್ತು ದಿನ ಇತ್ತು. ನಮ್ಮವರು ಮೀಸೆಯ ಮೇಲೆ ಕೈಯಾಡಿಸುತ್ತ, "ಹೋಗ್ಲಿ ಬಿಡು, ಎತ್ತರದ್ದು ಒಂದು ತಗೊಳ್ಳಮು," ಎಂದರು. ಅವರಿಗೆ ಎತ್ತರದ ಗಾಡಿಯ ಮೇಲೆ ಬಹಳ ದಿನದಿಂದ ಮನಸ್ಸಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟಿದ್ದು ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಅವರು ಎದ್ದು ಹೊರಗೆ ಹೋದರು.

ಆಳಂದದ ಹೊಗೆ ಪರೀಕ್ಷೆಯ ಅಂಗಡಿಯಲ್ಲಿ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಇಬ್ಬರು ಮಕ್ಕಳ ತಂದೆ. ಎದ್ದು ನಿಂತು ನಮಸ್ಕಾರ ಮಾಡಿದ, ಚಹಾ ತರಿಸಿದ, ಆಮೇಲೆ ಸೈಲೆನ್ಸರಿನೊಳಗೆ ನಳಿಗೆ ತೂರಿಸಿ, "ಟೀಚರ್‌ರಿ, ಜರಾ ಎಕ್ಸಲೇಟರ್ ಒತ್ತರಿ," ಎಂದ. ಒತ್ತಿದೆ. ಹಿಂದಿನ ಗಾಜಿನಲ್ಲಿ ರಸ್ತೆ ಕಾಣದಾಯಿತು. ಪಕ್ಕದ ಟೈಲರು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ನನ್ನ ವಿದ್ಯಾರ್ಥಿ ಕೆಮ್ಮುತ್ತ ಕೆಮ್ಮುತ್ತ ಕಂಪ್ಯೂಟರಿನ ಕಡೆ ಹೋಗಿ ನೋಡಿ, ತಲೆ ತಗ್ಗಿಸಿದ.

"ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ಇದು ಮುನ್ಸಿಪಾಲ್ಟಿ ಸೊಳ್ಳಿ ಹೊಡಿಯೋ ಗಾಡಿಕಿಂತ ಹೆಚ್ಚ ಬಿಡಾಕತ್ತದ."

"ಏನಾದ್ರ ಮಾಡಾಕ ಬರಂಗಿಲ್ಲೇನಪ್ಪಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಷ್ಟು ತಂದೆತಾಯಿಯರು ಇದೇ ದನಿಯಲ್ಲಿ ನನ್ನ ಮುಂದೆ ನಿಂತಿದ್ದಾರೋ.

"ನನ್ನ ಕೈಯಾಗ ಏನಿಲ್ರಿ. ಫೋಟೋ ಸಮೇತ ಸೀದಾ ಮ್ಯಾಲ ಹೋಗ್ತದ. ಮಷೀನ್ ಹೇಳಿದ್ದು ನಾ ಬರೀತೇನಿ ಅಷ್ಟೇ," ಎಂದ.

ಮಾರ್ಕು ನಾನು ಕೊಡುವುದಲ್ಲ, ನಿಮ್ಮ ಮಗ ಬರೆದದ್ದು ಕೊಡುತ್ತದೆ ಎಂದು ಇಪ್ಪತ್ತೆಂಟು ವರ್ಷ ಹೇಳಿದವಳು ನಾನು. ಚಹಾದ ಲೋಟ ಕೆಳಗಿಟ್ಟು, ನಪಾಸಾದ ಮಗುವಿನ ಕೈ ಹಿಡಿದುಕೊಂಡಂತೆ ಕಾರು ತೆಗೆದುಕೊಂಡು ಬಂದೆ.

ಮನೆಗೆ ಹೋಗಲು ಮನಸ್ಸಾಗದೆ ಸೀದಾ ಉಸ್ಮಾನ್ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಉಸ್ಮಾನ್ ಭಾಯ್ ನಮ್ಮ ಕಾರಿಗೆ ಮೊದಲಿನಿಂದಲೂ ವೈದ್ಯರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ, ಕೈ ಮಾತ್ರ ಸದಾ ಕಪ್ಪು. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಬಟ್ಟೆಯಿಂದ ಒರೆಸಿ ಮತ್ತೆ ಅದ್ದಿ ನೋಡಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದರು.

"ಟೀಚರ್, ಇದರಾಗ ಆಯಿಲ್ ಯಾರು ಹಾಕ್ಯಾರ?"

"ನಾನೇ ಭಾಯ್. ನೀವೇ ಹೇಳಿದ್ರಲ್ಲ."

"ನಾ ಏನ್ ಹೇಳಿದ್ದೆ?"

"ಅಮಾಸಿಗೊಮ್ಮೆ ಆಯಿಲ್ ನೋಡ್ರಿ ಅಂದಿದ್ರಿ."

"ಹೌದ್ರಿ. ನೋಡ್ರಿ ಅಂದಿದ್ದೆ. ಹಾಕ್ರಿ ಅಂದಿದ್ನೇನು?"

ಇಲ್ಲಿ ನಾನು ನಿಮಗೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಪೂರ್ತಿ ದಡ್ಡಿ ಎಂದುಕೊಳ್ಳುತ್ತೀರಿ. ನಮ್ಮ ಕಡೆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಏನೂ ಹಾಕದೆ ಹಾಗೇ ಮುಚ್ಚುವ ಪದ್ಧತಿ ಇಲ್ಲ. ಪಕ್ಕದ ಮನೆಯವರು ಬದನೆಕಾಯಿ ಎಣ್ಣೆಗಾಯಿ ಕಳಿಸಿದ ಡಬ್ಬಿಯನ್ನು ಖಾಲಿ ವಾಪಸು ಕೊಟ್ಟರೆ ಆ ಮನೆಯ ಹೆಂಗಸಿಗೆ ಬುದ್ಧಿ ಕಲಿಸಿದವರು ಯಾರು ಎಂದು ಕೇಳುತ್ತಾರೆ. ಎರಡು ಹಿಡಿ ಶೇಂಗಾ ಆದರೂ ಇರಬೇಕು. ನಮ್ಮವ್ವ ಜೋಳ ಅಳೆಯುವಾಗ ಸೇರಿನ ಮೇಲೆ ಕೈ ಎಳೆದು ಸಮ ಮಾಡಿದ್ದನ್ನು ನಾನು ನೋಡಿಲ್ಲ, ಮೇಲೆ ಗುಡ್ಡದ ಹಾಗೆ ನಿಲ್ಲಬೇಕು. ಬೀಗರು ಎಲೆಗೆ ಅಡ್ಡ ಕೈ ಇಟ್ಟರೆ ಕೈಯ ಮೇಲೆಯೇ ತುಪ್ಪ ಬಡಿಸಿದವಳು ಅವಳು. ಅಂಥವಳ ಮಗಳು ನಾನು. ಪ್ರತಿ ಅಮಾವಾಸ್ಯೆ ಕಾರು ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಆಮೇಲೆ ಕಡ್ಡಿ ಎಳೆದು ನೋಡುತ್ತಿದ್ದೆ. ಮೊದಲ ಸಲ ಆಯಿಲ್ ಎರಡು ಗೆರೆಗಳ ನಡುವೆ ಇತ್ತು. ನಡುವೆ ಎಂದರೆ ಅರ್ಧ ಹೊಟ್ಟೆ ಎಂದೇ ನನ್ನ ಲೆಕ್ಕ. ಹಬ್ಬದ ದಿನ ಅರ್ಧ ಹೊಟ್ಟೆಯಲ್ಲಿ ಎಬ್ಬಿಸಿ ಕಳಿಸುವುದು ಹೇಗೆ? ಒಂದು ಲೋಟ ಹಾಕಿ ಮುಚ್ಚುತ್ತಿದ್ದೆ. ಮೇಲಿನ ಗೆರೆ ದಾಟಿದ ಮೇಲೂ, ಅವ್ವನ ಸೇರಿನ ಹಾಗೆ, ಇದು ಕೆಲವು ತಿಂಗಳಿಂದ ನಡೆದಿತ್ತು.

ಉಸ್ಮಾನ್ ಭಾಯ್ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. "ಗಾಡಿಗೆ ದಾವತ್ ಮಾಡೀರಿ," ಎಂದರು. "ಅದು ಬ್ಯಾಡ ಅಂತ ಬಾಯಿ ಬಿಟ್ಟು ಹ್ಯಾಂಗ ಹೇಳಬೇಕು ಪಾಪ. ಹೆಚ್ಚಾಗಿದ್ದು ಎಲ್ಲಾ ಹೊಗಿ ಮಾಡಿ ಬಿಡಾಕತ್ತದ." ಕೆಳಗೆ ತಟ್ಟೆ ಇಟ್ಟು ಹೆಚ್ಚಿನ ಆಯಿಲ್ ಇಳಿಸಿದರು. ಅದು ಇಳಿಯುತ್ತಲೇ ಇತ್ತು. ನಾನು ಬೇರೆ ಕಡೆ ಮುಖ ಮಾಡಿ ನಿಂತೆ.

ಪ್ಲಗ್ಗು ಬಿಚ್ಚಿದರು, ಒಲೆಯ ಮೇಲಿನ ಹಂಚಿನಷ್ಟು ಕರ್ರಗಿದ್ದವು. ಗಾಳಿಯ ಫಿಲ್ಟರು ತೆಗೆದು ತಟ್ಟಿದರೆ ಆಳಂದದಿಂದ ಕಡಗಂಚಿಯವರೆಗಿನ ಧೂಳೆಲ್ಲ ಉದುರಿತು. ಎರಡನ್ನೂ ಹೊಸದು ಹಾಕಿದರು. ಎರಡು ದಿನ ಬಿಟ್ಟು ಮತ್ತೆ ಪರೀಕ್ಷೆಗೆ ಒಯ್ದೆ. ಈ ಸಲ ಹೊಗೆ ಕಣ್ಣಿಗೆ ಕಾಣಲಿಲ್ಲ, ಟೈಲರು ಹೊರಗೆ ಬರಲಿಲ್ಲ. ಆದರೂ ನನ್ನ ವಿದ್ಯಾರ್ಥಿ ಕಂಪ್ಯೂಟರ್ ನೋಡಿ, "ಸ್ವಲ್ಪದಾಗ ಹೋತ್ರಿ ಟೀಚರ್," ಎಂದ. ಸ್ವಲ್ಪದರಲ್ಲಿ ಹೋಗುವ ಸಂಕಟ ಏನೆಂದು ನನಗೆ ಆವತ್ತು ಗೊತ್ತಾಯಿತು. ಅವನನ್ನೂ ಒಂದು ವರ್ಷ ನಾನು ಹಾಗೆಯೇ ಕೂರಿಸಿದ್ದೆನೋ ಏನೋ, ಕೇಳುವ ಧೈರ್ಯ ಆಗಲಿಲ್ಲ.

ಉಸ್ಮಾನ್ ಭಾಯ್ ಈ ಸಲ ಬಾನೆಟ್ ಎತ್ತಲೇ ಇಲ್ಲ. ಸ್ಟೂಲಿನ ಮೇಲೆ ಕೂತು, ನನ್ನನ್ನೇ ರೋಗಿ ಎಂಬಂತೆ ವಿಚಾರಿಸಿದರು.

"ಟೀಚರ್, ಖರೇ ಹೇಳ್ರಿ. ಈ ಗಾಡಿ ನಿಮ್ಮ ಕೈಗೆ ಬಂದಾಗಿನಿಂದ ಒಮ್ಮೆರ ನಾಲ್ಕನೇ ಗೇರ್ ಕಂಡದೇನು?"

ನಾನು ಕಾರಿನ ಕಡೆ ನೋಡಿದೆ.

"ಅದಕ್ಕೇ ನೋಡ್ರಿ. ಹನ್ನೊಂದು ವರ್ಷ ಉಸಿರು ಹಿಡಿದು ಓಡ್ಯಾದ. ಒಳಗೆಲ್ಲ ಕಾರ್ಬನ್ ಕುಂತದ. ನನ್ನ ಕೈಯಾಗ ಇದಕ್ಕ ಔಷಧ ಇಲ್ಲ. ದೊಡ್ಡ ರೋಡಿಗೆ ಒಯ್ರಿ. ನಾಲ್ಕನೇ ಗೇರ್ ಹಾಕ್ರಿ, ಎಪ್ಪತ್ತರ ಮ್ಯಾಲ ಅರ್ಧ ತಾಸು ಓಡಸ್ರಿ. ಕಾಯ್ದ ಗಾಡಿ ಕಾಯ್ದಂಗ ಮಷೀನಿಗೆ ಹಚ್ಚರಿ. ನಡುವ ಬಂದ್ ಮಾಡಬ್ಯಾಡ್ರಿ."

"ಎಪ್ಪತ್ತಾ," ಎಂದೆ.

"ಮ್ಯಾಲ ಅಂದೆ," ಎಂದರು.

ಭಾನುವಾರ ಜೇವರ್ಗಿಗೆ ಹೋಗುವ ದಿನ ಇತ್ತು. ಅಕ್ಕನಿಗೆ ನಾನು ಇದು ಯಾವುದನ್ನೂ ಹೇಳಿರಲಿಲ್ಲ. ಗುರುವಾರ ಗಾಡಿ ನಪಾಸಾದರೆ ಆಗ ನೋಡಿಕೊಂಡರಾಯಿತು, ಈಗಿನಿಂದಲೇ ಅವಳ ಜೀವ ಯಾಕೆ ಹಿಂಡಬೇಕು ಎಂದುಕೊಂಡಿದ್ದೆ. ನಮ್ಮವರಿಗೆ ಆ ದಿನ ಆಳಂದದಲ್ಲಿ ಒಂದು ಮದುವೆ ಇತ್ತು. "ಎಪ್ಪತ್ತು ಅಂತಲ್ಲ, ನಾ ಮದಿವಿಗೇ ಹೋಗ್ತೇನಿ," ಎಂದು ಮುಂಜಾನೆಯೇ ಇಸ್ತ್ರಿ ಅಂಗಿ ಹಾಕಿಕೊಂಡರು. ಸರ್ಟಿಫಿಕೇಟು ಸಿಗಬೇಕಾದರೆ ಮೊದಲು ಫೋನಿಗೆ ಒಂದು ಓ.ಟಿ.ಪಿ. ನಂಬರು ಬರುತ್ತದಂತೆ, ಗಾಡಿಯ ಕಾಗದದಲ್ಲಿ ಅವರದೇ ಫೋನಿದೆ, ಆದ್ದರಿಂದ ಫೋನು ಕಿವಿಗೆ ಹಚ್ಚಿಕೊಂಡೇ ಇರಿ ಎಂದು ಮೂರು ಸಲ ಹೇಳಿ ಹೊರಟೆ.

ಕಲಬುರಗಿ ದಾಟಿದ ಮೇಲೆ ರಸ್ತೆ ಅಗಲ, ಓಡಿಸಲು ಒಳ್ಳೆಯ ಜಾಗ. ಒಂದು ಸಲ ಗೇರಿನ ಮೇಲೆ ಕೈಯನ್ನೂ ಇಟ್ಟೆ. ಎದುರಿಗೆ ಲಾರಿ ಬಂತು, ಕೈ ತೆಗೆದೆ. ಇನ್ನೊಂದು ಸಲ ಇಟ್ಟೆ, ಒಂದು ಆಡು ಬಂತು. ಹೀಗೆ ಆಡಿಗೂ ಲಾರಿಗೂ ಮರ್ಯಾದೆ ಕೊಡುತ್ತ ಮೂರನೇ ಗೇರಿನಲ್ಲೇ ಜೇವರ್ಗಿ ಮುಟ್ಟಿದೆ.

ಅಕ್ಕ ಕಟ್ಟೆಯ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ತಯಾರಾಗಿ ಕೂತಿದ್ದಳು, ಇಳಕಲ್ ಸೀರೆ ಉಟ್ಟುಕೊಂಡು. ಎಂದಿನಂತೆ ಹಿಡಿಕೆ ಹಿಡಿದು, ಮೈ ತಿರುಗಿಸಿ, ಕಾಲೆತ್ತಿ ಒಳಗಿಟ್ಟು, ಬಾಗಿಲು ಎಳೆದುಕೊಂಡಳು. ನಾನು ಗಾಡಿ ಬಂದ್ ಮಾಡಿರಲಿಲ್ಲ.

"ಬ್ರಿಜ್ ಕಡೆ ಬ್ಯಾಡ," ಎಂದಳು. "ವಿಜಯಪುರ ರೋಡಿಗೆ ಹೊಡಿ. ಅಲ್ಲಿ ರೋಡ್ ಖುಲ್ಲಾ ಅದ."

ನಾನು ಅವಳ ಮುಖ ನೋಡಿದೆ.

"ನೋಡಬ್ಯಾಡ. ನನಗೆಲ್ಲಾ ಗೊತ್ತದ. ನಿನ್ನ ಗಂಡ ಶಿವುಗ ಫೋನ್ ಮಾಡಿದ್ದ, ಎತ್ತರದ ಗಾಡಿ ಯಾವುದು ಚಲೋ ಅಂತ ಕೇಳಾಕ. ಎಪ್ಪತ್ತರ ಮಾತೂ ಹೇಳ್ಯಾನ."

ಊರು ದಾಟಿದೆವು. ಆಮೇಲೆ ಅವಳೇ, ಹೊರಗಿನ ಹೊಲ ನೋಡುತ್ತ, ಮೆಲ್ಲಗೆ ಹೇಳಿದಳು. "ಗಾಡಿ ಹೋದ್ರ ನೀ ಬಸ್ಸಿಗೆ ಬರ್ತಿ. ಅದು ನನಗ ಗೊತ್ತದ. ಬಂದು ನನ್ನ ಮುಂದ ಕುಂದರ್ತಿ, ನನಗ ಹಣ್ಣು ಸುಲದು ಕೊಡ್ತಿ. ನನಗ ಅದು ಬ್ಯಾಡ ಬೇ. ನಾ ಹೊರಗ ಬರೋದು ನಿಂತ್ರ ಮಂದಿ ನನ್ನ ನೋಡಾಕ ಬರೋದಷ್ಟೇ ಉಳೀತದ."

ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು ಎರಡು ಡಬ್ಬಿ ಎಳೆದುಕೊಂಡು ಕಪ್ಪಗೆ ಹೊಗೆ ಉಗುಳುತ್ತ ಹೋಗುತ್ತಿತ್ತು. ನಾನು ವಾಡಿಕೆಯಂತೆ ಅದರ ಹಿಂದೆ ವಿನಯದಿಂದ ಸೇರಿಕೊಂಡೆ.

"ದಾಟು," ಎಂದಳು ಅಕ್ಕ.

"ಅಕ್ಕಾ, ಅದು ದೊಡ್ಡದದ."

"ಎದರಿಗಿ ಯಾರೂ ಇಲ್ಲ. ದಾಟು ಬೇ. ಲಕ್ವಾ ಹೊಡದದ್ದು ನನ್ನ ಕಾಲಿಗೆ, ನಿನ್ನ ಕಾಲಿಗಲ್ಲ. ಒತ್ತು."

ಒತ್ತಿದೆ. ಕಾರು ಒಂದು ಕ್ಷಣ ನಂಬಲಿಲ್ಲ. ಆಮೇಲೆ ಒಳಗೆ ಎಲ್ಲೋ ಗುರ್ ಎಂದು, ಟ್ರ್ಯಾಕ್ಟರಿನ ಡಬ್ಬಿಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಗೇರ್ ಬದಲಿಸಿದೆ. ನಾಲ್ಕನೆಯದು ಬೆಣ್ಣೆಯಂತೆ ಬಿತ್ತು; ಹನ್ನೊಂದು ವರ್ಷ ಅದು ಕಾಯುತ್ತ ಕೂತಿತ್ತೋ ಏನೋ. ಐವತ್ತು, ಅರವತ್ತು. ಕಿಟಕಿಗಳು ಗಡಗಡ ಎಂದವು, ನಿಂಬೆಹಣ್ಣು ಕುಣಿಯಿತು, ಅಕ್ಕನ ಸೆರಗು ಹಾರಿ ನನ್ನ ಕೈಗೆ ಬಡಿಯಿತು. ಎಪ್ಪತ್ತು ದಾಟಿದಾಗ ನಾನು ನಮ್ಮ ಮನೆಯ ಎಲ್ಲ ದೇವರ ಹೆಸರನ್ನೂ ಹೇಳಿ ಮುಗಿಸಿದ್ದೆ. ಅಕ್ಕ ಎಡಗೈಯಿಂದ ಮೇಲಿನ ಹಿಡಿಕೆ ಹಿಡಿದು, ಮುಖಕ್ಕೆ ಗಾಳಿ ಒಡ್ಡಿಕೊಂಡು ನಗುತ್ತಿದ್ದಳು. ಹಲ್ಲು ಕಾಣುವಂತೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅದನ್ನು ನೋಡಿದ ಮೇಲೆ ನನ್ನ ಕಾಲು ತಾನಾಗಿಯೇ ಇನ್ನಷ್ಟು ಒತ್ತಿತು. ಹೋಗಿ ತಿರುಗಿ ಬರುವಷ್ಟರಲ್ಲಿ ಪೂರ್ತಿ ಅರ್ಧ ತಾಸಾಗಿತ್ತು, ಎರಡು ಬಸ್ಸು ಮೂರು ಟ್ರ್ಯಾಕ್ಟರು ದಾಟಿದ್ದೆವು. ಲೆಕ್ಕ ಇಟ್ಟವಳು ಅಕ್ಕ.

ಜೇವರ್ಗಿಯ ಹೊರಗೆ ಪೆಟ್ರೋಲ್ ಬಂಕಿನ ಪಕ್ಕ ಹೊಗೆ ಪರೀಕ್ಷೆಯ ತಗಡಿನ ಶೆಡ್ಡು. ಅಲ್ಲಿದ್ದವಳು ಒಬ್ಬ ಹೆಣ್ಣುಮಗಳು, ಇಪ್ಪತ್ತೈದಿರಬಹುದು, ಊಟದ ಡಬ್ಬಿ ಆಗಷ್ಟೇ ಬಿಚ್ಚಿದ್ದಳು. ಗಾಡಿ ಬಂದ್ ಮಾಡಲಾರೆ, ಬೇಗ ಬಾ ತಂಗಿ ಎಂದು ನಾನು ಕಿಟಕಿಯಿಂದಲೇ ಕೂಗಿದೆ. ಅವಳು ಕೈ ತೊಳೆದು ಬಂದು ನಂಬರಿನ ಫೋಟೋ ಹಿಡಿದಳು, ನಳಿಗೆ ಹಾಕಿದಳು. ಒತ್ತರಿ ಎಂದಾಗ ಒತ್ತಿದೆ, ಬಿಡ್ರಿ ಎಂ‌ದಾಗ ಬಿಟ್ಟೆ. ಅವಳು ಶೆಡ್ಡಿನೊಳಗೆ ಹೋದಳು. ಪಕ್ಕದಲ್ಲಿ ಅಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಒತ್ತಿಕೊಳ್ಳುತ್ತಿದ್ದಳು.

"ಪಾಸ್ ಅದರಿ," ಎಂದಳು ಆ ಹುಡುಗಿ ಒಳಗಿನಿಂದ.

"ಏನಂದಿ," ಎಂದೆ.

"ಪಾಸ್ ಅದರಿ ಮೇಡಂ."

"ಖರೇನಾ?"

"ಹೌದ್ರಿ. ಚಲೋ ಪಾಸ್ ಅದ."

ಸ್ಟೇರಿಂಗಿನ ಮೇಲೆ ತಲೆಯಿಟ್ಟುಬಿಟ್ಟೆ. ಹಾರ್ನು ಹೊಡೆಯಿತು. ಹೊಡೆಯುತ್ತಲೇ ಇತ್ತು, ನನಗೆ ತಲೆ ಎತ್ತಲು ಮನಸ್ಸಿರಲಿಲ್ಲ. ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ನನ್ನ ಜಡೆ ಹಿಡಿದು ಎಳೆದು ಕೂರಿಸಿದಳು. ಇಬ್ಬರೂ ನಗುತ್ತಿದ್ದೆವು, ಇಬ್ಬರ ಕಣ್ಣೂ ಒದ್ದೆಯಾಗಿತ್ತು, ಇದಕ್ಕೆ ಹೊಗೆಯ ನೆಪವೂ ಇರಲಿಲ್ಲ.

ನಮ್ಮವರ ಫೋನಿನ ಕಥೆ ಒಂದು ಉಳಿಯಿತು. ಅವರು ಎತ್ತಿದಾಗ ಹಿಂದೆ ಮದುವೆಯ ಬ್ಯಾಂಡು ಬಾರಿಸುತ್ತಿತ್ತು. ನಂಬರು ಓದಿ ಎಂದರೆ, ಊಟಕ್ಕೆ ಎಷ್ಟನೇ ಪಂಕ್ತಿ ಎಂದು ಹೇಳಿದರು. ಕೊನೆಗೆ ಅಡುಗೆಯವರ ಕೋಣೆಗೆ ಓಡಿ ಹೋಗಿ ಸರಿಯಾಗಿ ಓದಿದರು. ಗಾಡಿ ಪಾಸಾಯಿತು ಎಂದಾಗ, "ಬಿಡು, ನನಗೂ ಈಗ ಹಗುರ ಆತು," ಎಂದರು. ಎತ್ತರದ ಗಾಡಿ ಹೋದರೂ ಅವರು ಹಾಗೆಂದದ್ದಕ್ಕೆ ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು. ಗುರುವಾರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಇನ್‌ಸ್ಪೆಕ್ಟರು ದೀಪ ನೋಡಿದರು, ಹಾರ್ನು ಕೇಳಿದರು, ಕಾಗದಗಳನ್ನು ತಿರುವಿ ಹಾಕಿ ಒಪ್ಪಿದರು. ಅಷ್ಟಕ್ಕೆ ನಾನು ಹತ್ತು ದಿನ ನಿದ್ದೆಗೆಟ್ಟಿದ್ದೆ.

ಆ ಭಾನುವಾರ ಶೆಡ್ಡಿನ ಹುಡುಗಿ ಬಿಸಿ ಬಿಸಿ ಕಾಗದವನ್ನು ಕಿಟಕಿಯಿಂದ ಅಕ್ಕನ ಕೈಗೇ ಕೊಟ್ಟಳು. ಅಕ್ಕ ಅದನ್ನು ತೊಡೆಯ ಮೇಲೆ ಹರಡಿ, ಮೇಲಿನಿಂದ ಕೆಳಗಿನ ತನಕ ಓದಿದಳು.

"ಇದು ಎಷ್ಟು ದಿನಕ್ಕ ನಡೀತದ ತಂಗಿ," ಎಂದು ಕೇಳಿದಳು.

"ಆರು ತಿಂಗಳಾರಿ ಅಮ್ಮಾ. ಆಮ್ಯಾಲ ಮತ್ತ ಬಂದು ತೋರಸಬೇಕು."

ಲಕ್ವಾ ಹೊಡೆದ ದಿನದಿಂದ ಅಕ್ಕ ಮುಂದಿನ ಮಾತು ಆಡುವುದನ್ನೇ ಬಿಟ್ಟಿದ್ದಳು. ಬರುವ ಪಂಚಮಿಗೆ ಏನು ಮಾಡೋಣ ಎಂದರೆ "ಇದ್ರ ನೋಡಮು" ಎನ್ನುತ್ತಿದ್ದಳು. ಮೊಮ್ಮಗಳು ಮುಂದಿನ ವರ್ಷ ಶಾಲೆಗೆ ಹೋಗುತ್ತಾಳೆ ಎಂದರೂ ಅದೇ ಉತ್ತರ. ನಾವು ಯಾರೂ ಅವಳ ಎದುರು ನಾಳಿದ್ದಿನ ಸುದ್ದಿ ಎತ್ತುತ್ತಿರಲಿಲ್ಲ. ಈಗ ಅವಳು ಕಾಗದವನ್ನು ಒಂದೇ ಕೈಯಲ್ಲಿ ನಿಧಾನವಾಗಿ ನಾಲ್ಕು ಮಡಿಕೆ ಮಾಡಿದಳು. ನಾನು ಸಹಾಯಕ್ಕೆ ಕೈ ಚಾಚಲಿಲ್ಲ. ಮಡಚಿ ಮುಗಿಸಿ, ತಲೆ ಎತ್ತಿ ಆ ಹುಡುಗಿಯನ್ನು ನೋಡಿದಳು.

"ಬರ್ತೇವಿ," ಎಂದಳು. "ಆರು ತಿಂಗಳಿಗೆ ಇಬ್ಬರೂ ಬರ್ತೇವಿ. ಉಂಡು ತಯಾರಾಗಿರು, ಗಾಡಿ ಬಂದ್ ಮಾಡಂಗಿಲ್ಲ."